ಅಂಗವಿಕಲರ ಸೌಲಭ್ಯದಲ್ಲಿ ಅಕ್ರಮ: ಮೋಸ ಯಾರ ಮೇಜಿನಲ್ಲಿ ನಡೆಯಿತು ಎಂದೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಅಂಗವಿಕಲರ ಮಾಸಾಶನ, ಮೀಸಲು ಹುದ್ದೆ, ಕಾಲೇಜು ಸೀಟು ಇವುಗಳಲ್ಲಿ ಅಕ್ರಮ ನಡೆದಿದೆ ಎಂಬ ಸುದ್ದಿ ಪತ್ರಿಕೆಗಳಲ್ಲೂ ವಾಹಿನಿಗಳಲ್ಲೂ ಆಗಾಗ ಬರುತ್ತದೆ. ಬರಲೇಬೇಕು. ನಕಲಿ ಪ್ರಮಾಣಪತ್ರ ತೋರಿಸಿ ಒಬ್ಬರು ವೈದ್ಯಕೀಯ ಸೀಟು ಪಡೆದರೆ, ಆ ಸೀಟು ಕಳೆದುಕೊಳ್ಳುವುದು ನಿಜವಾದ ಅಂಗವಿಕಲ ವಿದ್ಯಾರ್ಥಿ. ಈ ಮೋಸ ಬಯಲಾಗಲಿ ಎಂದು ಎಲ್ಲರಿಗಿಂತ ಹೆಚ್ಚು ಬಯಸುವವರು ಅಂಗವಿಕಲರೇ. ಆದರೆ ಹೆಚ್ಚಿನ ವರದಿಗಳು ಅರ್ಧಕ್ಕೇ ನಿಲ್ಲುತ್ತವೆ. ಯಾವ ಹಂತದಲ್ಲಿ, ಯಾರ ಸಹಿಯಿಂದ, ಯಾವ ದಾಖಲೆ ತಿದ್ದಿ ಮೋಸ ನಡೆಯಿತು ಎಂಬುದು ಅವುಗಳಲ್ಲಿ ಇರುವುದಿಲ್ಲ. ಬದಲಿಗೆ ಗಾಲಿಕುರ್ಚಿಯ ಚಿತ್ರ ಇರುತ್ತದೆ, ‘ನಕಲಿ ಅಂಗವಿಕಲರ ಹಾವಳಿ’ ಎಂಬ ಶೀರ್ಷಿಕೆ ಇರುತ್ತದೆ. ಅದನ್ನು ಓದಿದವರು ಮರುದಿನ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ನಾಡಕಚೇರಿಯಲ್ಲಿ ಊರುಗೋಲು ಹಿಡಿದವರನ್ನು ಅನುಮಾನದಿಂದ ನೋಡುತ್ತಾರೆ. ವರದಿಗಾರರಿಗೆ ಈ ವ್ಯವಸ್ಥೆಯ ಒಳಗಿನ ಕೆಲಸ ತಿಳಿದಿದ್ದರೆ ಸುದ್ದಿ ಇನ್ನಷ್ಟು ಹರಿತವಾಗುತ್ತದೆ ಎಂಬ ಕಾರಣಕ್ಕೆ ಈ ದೀರ್ಘ ಪತ್ರ.

ಪ್ರಮಾಣಪತ್ರ ಹೇಗೆ ಬರುತ್ತದೆ ಎಂಬುದರಿಂದ ಶುರು ಮಾಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಈಗ 21 ಇವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕೃತವಾದರೆ ಮಾತ್ರ ಮೀಸಲಾತಿಯಂಥ ಸೌಲಭ್ಯಗಳಿಗೆ ಅರ್ಹತೆ. 2021ರ ಜೂನ್ 1ರಿಂದ ದೇಶದಾದ್ಯಂತ ಪ್ರಮಾಣಪತ್ರಗಳನ್ನು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ ಕೊಡಬೇಕೆಂಬ ನಿಯಮವಿದೆ. ಅರ್ಜಿದಾರರು ಆಧಾರ್, ಫೋಟೊ ಮತ್ತು ಚಿಕಿತ್ಸೆಯ ದಾಖಲೆಗಳೊಂದಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತಾರೆ, ಆಸ್ಪತ್ರೆ ತಪಾಸಣೆಗೆ ಕರೆಯುತ್ತದೆ, ಸಂಬಂಧಪಟ್ಟ ತಜ್ಞರು ಅಳೆಯುತ್ತಾರೆ, ಶೇಕಡಾವಾರು ಪ್ರಮಾಣ ಪೋರ್ಟಲ್‌ಗೆ ಏರುತ್ತದೆ, 18 ಅಕ್ಷರ–ಅಂಕಿಗಳ ಸಂಖ್ಯೆಯಿರುವ ಕಾರ್ಡ್ ತಯಾರಾಗುತ್ತದೆ. 2024ರ ಅಕ್ಟೋಬರ್‌ನ ತಿದ್ದುಪಡಿಯ ನಂತರ ಕಾರ್ಡಿಗೆ ಬಣ್ಣವೂ ಬಂದಿದೆ: ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಕಾರ್ಡ್ ಇದೆ ಎಂದ ಮಾತ್ರಕ್ಕೆ ಸೌಲಭ್ಯ ಸಿಗುತ್ತಿದೆ ಎಂದು ಬರೆಯುವಂತಿಲ್ಲ. ಬಿಳಿ ಕಾರ್ಡಿನವರಿಗೆ ಮೀಸಲಾತಿ ಇಲ್ಲ.

ಕಾರ್ಡ್ ಬಂದರೂ ಮಾಸಾಶನ ತಾನಾಗಿ ಬರುವುದಿಲ್ಲ. ಅದಕ್ಕೆ ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ, ಆದಾಯದ ಮಿತಿ, ತಹಶೀಲ್ದಾರ್ ಮಟ್ಟದ ಮಂಜೂರಾತಿ, ಆಮೇಲೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಎಲ್ಲ ಬೇಕು. ಆಸ್ಪತ್ರೆಯಿಂದ ಖಾತೆಯವರೆಗಿನ ಈ ದಾರಿಯಲ್ಲಿ ಐದಾರು ಮೇಜುಗಳಿವೆ. ಪ್ರತಿ ಮೇಜಿನಲ್ಲಿ ನಡೆಯಬಹುದಾದ ಮೋಸವೇ ಬೇರೆ, ಅದನ್ನು ಪತ್ತೆಹಚ್ಚುವ ರೀತಿಯೇ ಬೇರೆ.

ಮೊದಲನೆಯದು ಪೂರ್ತಿ ಖೋಟಾ ಕಾಗದ. ಮೊಹರು ಖೋಟಾ, ಸಹಿ ಖೋಟಾ. ಇದು ಹೆಚ್ಚಾಗಿ ಹಳೆಯ ಕಾಗದದ ಪ್ರಮಾಣಪತ್ರಗಳ ಕಾಲದ ಸಮಸ್ಯೆ. ಕಾಗದದಲ್ಲಿರುವ ಕ್ರಮಸಂಖ್ಯೆಯನ್ನು ಆಸ್ಪತ್ರೆಯ ರಿಜಿಸ್ಟರ್‌ಗೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ: ಕಾಗದ ಅಸಲಿ, ಸಹಿ ಅಸಲಿ, ಒಳಗಿನ ಅಂಕಿ ಸುಳ್ಳು. ಶೇ 30 ಇದ್ದದ್ದು 40 ಆಗುತ್ತದೆ, 70 ಇದ್ದದ್ದು ಹೆಚ್ಚಿನ ಮಾಸಾಶನ ಸಿಗುವ 75 ಆಗುತ್ತದೆ. ವೈದ್ಯರ ಸಹಿಯಿಲ್ಲದೆ ಇದು ಸಾಧ್ಯವೇ ಇಲ್ಲ. ಪೋರ್ಟಲ್‌ನಲ್ಲಿ ಪರಿಶೀಲಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬೇರೆ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಹೊಸದಾಗಿ ಅಳೆದಾಗ ಮಾತ್ರ ಗೊತ್ತಾಗುತ್ತದೆ. ಮೂರನೆಯದು ಆಳು ಬದಲಾವಣೆ, ಅಂದರೆ ಕಿವಿ ಕೇಳದ ಬೇರೊಬ್ಬರನ್ನು ತಪಾಸಣೆಗೆ ಕೂರಿಸುವುದು. ಇದರಲ್ಲಿ ಪ್ರಶ್ನೆ ಕೇಳಬೇಕಾದದ್ದು ತಪಾಸಣಾ ಕೊಠಡಿಯಲ್ಲಿ ಗುರುತು ನೋಡಬೇಕಿದ್ದವರನ್ನು. ನಾಲ್ಕನೆಯದರಲ್ಲಿ ಅಂಗವೈಕಲ್ಯ ನಿಜ, ಆದಾಯದ ಪ್ರಮಾಣಪತ್ರ ಸುಳ್ಳು. ಇದನ್ನು ‘ನಕಲಿ ಅಂಗವಿಕಲ’ ಎಂದು ಕರೆಯುವುದು ಶುದ್ಧ ತಪ್ಪು.

ಇನ್ನೊಂದು ಬಗೆಯಲ್ಲಿ ಫಲಾನುಭವಿಗೆ ಯಾವ ಪಾತ್ರವೂ ಇರುವುದಿಲ್ಲ. ಅಂಗವಿಕಲರ ಪಿಂಚಣಿಯೂ ಸೇರಿರುವ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಬಗ್ಗೆ 2023ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಮಹಾಲೇಖಪಾಲರ) ವರದಿಯಲ್ಲಿ, ಮೃತಪಟ್ಟವರ ಹೆಸರಿಗೆ ಪಿಂಚಣಿ ಹೋದದ್ದೂ ಪಿಂಚಣಿಯ ಹಣವನ್ನು ಬೇರೆ ಯೋಜನೆಗಳ ಪ್ರಚಾರಕ್ಕೆ ತಿರುಗಿಸಿದ್ದೂ ದಾಖಲಾಗಿದೆ. ಸತ್ತವರು ಮೋಸ ಮಾಡಲಾರರು, ಜಾಹೀರಾತಿಗೆ ಹೋದ ಹಣಕ್ಕೂ ಅಂಗವಿಕಲರಿಗೂ ಸಂಬಂಧವಿಲ್ಲ. ಪಟ್ಟಿಯನ್ನು ಕಾಲಕಾಲಕ್ಕೆ ಶುದ್ಧ ಮಾಡದ ಕಚೇರಿಯ ಲೋಪ ಅದು. ಕೊನೆಗೆ ದಲ್ಲಾಳಿಗಳು. ಶೇ 60 ಅಂಗವೈಕಲ್ಯ ನಿಜವಾಗಿಯೂ ಇರುವ ವ್ಯಕ್ತಿಯಿಂದ ‘ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ’ ಎಂದು ಹಣ ಕೀಳುವ ಜನ ಇವರು. ಪೊಲೀಸರು ಇಂಥವರನ್ನು ಹಿಡಿದಾಗ, ಹಣ ಕೊಟ್ಟವರ ಪಟ್ಟಿಯೇ ‘ನಕಲಿಗಳ ಪಟ್ಟಿ’ಯಾಗಿ ಪ್ರಕಟವಾಗುವ ಅಪಾಯವಿದೆ. ಅದರಲ್ಲಿ ಯಾರು ಅನರ್ಹರು, ಯಾರು ಅರ್ಹರಾಗಿದ್ದೂ ಸುಲಿಗೆಗೆ ಒಳಗಾದವರು ಎಂದು ಬಿಡಿಸಿ ನೋಡದೆ ಒಂದು ಹೆಸರನ್ನೂ ಅಚ್ಚು ಮಾಡಬಾರದು.

ಶೇಕಡಾವಾರು ಲೆಕ್ಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ಸುದ್ದಿ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಅಳೆಯುವ ಮಾರ್ಗಸೂಚಿಗಳು 2018ರ ಜನವರಿ 4ರ ಅಧಿಸೂಚನೆಯಲ್ಲಿ ಬಂದವು, 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾದವು. ಒಬ್ಬರಿಗೆ ಎರಡು ಬಗೆಯ ಅಂಗವೈಕಲ್ಯ ಇದ್ದರೆ ಎರಡನ್ನೂ ನೇರವಾಗಿ ಕೂಡುವುದಿಲ್ಲ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಂಡು, ಅದನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುವುದು ಬಳಕೆಯಲ್ಲಿರುವ ಸೂತ್ರ. ಕಾಲಿನ ದೋಷ ಶೇ 30, ಶ್ರವಣ ದೋಷ ಶೇ 20 ಇದ್ದರೆ ಒಟ್ಟು 50 ಆಗುವುದಿಲ್ಲ; 60ನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13.3, ಒಟ್ಟು 43.3. ಹಾಗಾಗಿ ಒಬ್ಬರ ಹಳೆಯ ಪತ್ರದಲ್ಲಿ 30 ಎಂದೂ ಹೊಸದರಲ್ಲಿ 43 ಎಂದೂ ಕಂಡ ಕೂಡಲೇ ‘ಏರಿಸಿಕೊಂಡರು’ ಎಂದು ಬರೆಯುವ ಮೊದಲು ಎರಡನೆಯ ದೋಷ ಯಾವುದು, ಯಾವಾಗ ಸೇರಿತು ಎಂದು ನೋಡಬೇಕು. ಸ್ನಾಯುಗಳು ಕ್ಷೀಣಿಸುತ್ತ ಹೋಗುವ ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕಾಯಿಲೆಯಲ್ಲಿ ಅಂಕಿ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಏರುತ್ತದೆ.

ಅಂಕಿಅಂಶ ಬಲ್ಲ ಪತ್ರಕರ್ತರು ಇನ್ನೊಂದು ಜಾಣ ದಾರಿ ಹಿಡಿಯಬಹುದು: ಸೌಲಭ್ಯಗಳ ಗಡಿಗಳಾದ ಶೇ 40, 75, 80ರ ಬಳಿ ಎಷ್ಟು ಪ್ರಮಾಣಪತ್ರಗಳು ಗುಂಪಾಗಿವೆ ಎಂದು ನೋಡುವುದು. ದಾರಿ ಒಳ್ಳೆಯದೇ, ಆದರೆ ಒಂದು ಎಚ್ಚರಿಕೆ ಬೇಕು. ಕೆಲವು ಅಂಗವೈಕಲ್ಯಗಳ ಕೋಷ್ಟಕವೇ ಮೆಟ್ಟಿಲು ಮೆಟ್ಟಿಲಾಗಿದೆ. ಬೌದ್ಧಿಕ ಅಂಗವೈಕಲ್ಯದಲ್ಲಿ ಸೌಮ್ಯಕ್ಕೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90 ಎಂದು ಅಂಕಿ ನಿಗದಿಯಾಗಿದೆ. 72 ಎಂಬುದು ಅಲ್ಲಿ ಬರುವುದೇ ಇಲ್ಲ. ದೃಷ್ಟಿಯಲ್ಲೂ ಹಾಗೆಯೇ: ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಶೇ 30, ಅದರ ಮುಂದಿನ ಮೆಟ್ಟಿಲು 40. ಇಂಥ ವರ್ಗಗಳನ್ನು ಬೇರೆ ಇಟ್ಟು, ಕೈಕಾಲಿನ ದೋಷ ಮತ್ತು ಶ್ರವಣದ ಅಂಕಿಗಳನ್ನು ಆಸ್ಪತ್ರೆವಾರು, ತಿಂಗಳುವಾರು ಹೋಲಿಸಬೇಕು. ಒಂದೇ ಆಸ್ಪತ್ರೆಯಲ್ಲಿ, ಒಬ್ಬರೇ ತಜ್ಞರ ಸಹಿಯಲ್ಲಿ 40ರಿಂದ 42ರ ಪ್ರಮಾಣಪತ್ರಗಳು ಉಳಿದೆಡೆಗಿಂತ ಬಹಳ ಹೆಚ್ಚಿದ್ದರೆ ಅದು ಸುದ್ದಿ. ಈ ಒಟ್ಟು ಅಂಕಿಗಳನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಯಾರ ವೈಯಕ್ತಿಕ ಕಡತವೂ ಬೇಕಿಲ್ಲ.

ಶ್ರವಣ ದೋಷದ ಮಾತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ನಟನೆಗೆ ಅವಕಾಶವಿದೆ. ಸಾಮಾನ್ಯ ಶ್ರವಣ ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿ ಶಬ್ದ ಕೇಳಿಸುತ್ತಾರೆ, ಕೇಳಿದಾಗ ಗುಂಡಿ ಒತ್ತಬೇಕು. ಕೇಳಿದರೂ ಒತ್ತದೆ ಕುಳಿತರೆ ಆಡಿಯೊಗ್ರಾಂ (ಶ್ರವಣದ ನಕ್ಷೆ) ಕೆಟ್ಟದಾಗಿ ಬರುತ್ತದೆ. ಅದಕ್ಕಾಗಿಯೇ ಪರೀಕ್ಷೆಯನ್ನು ಮತ್ತೆ ಮಾಡಿ ತಾಳೆ ನೋಡುವುದು, ಅನುಮಾನವಿದ್ದರೆ ಬೇರಾ ಪರೀಕ್ಷೆ ಮಾಡುವುದು. ಬೇರಾದಲ್ಲಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳಿನ ಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸುತ್ತಾರೆ. ಅಲ್ಲಿ ಗುಂಡಿ ಒತ್ತುವ ಪ್ರಶ್ನೆಯೇ ಇಲ್ಲ. ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ನಕಲಿ ಶ್ರವಣ ಪ್ರಮಾಣಪತ್ರದ ಸುದ್ದಿ ಬಂದಾಗ ವರದಿಗಾರರು ಕೇಳಬೇಕಾದ ಮೊದಲ ಪ್ರಶ್ನೆ: ಬೇರಾ ಆಗಿತ್ತೇ? ಆ ಆಸ್ಪತ್ರೆಯಲ್ಲಿ ಯಂತ್ರವಿತ್ತೇ, ಇಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗೆ ಕಳಿಸಿದ್ದರೇ? ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಹುದ್ದೆ ಖಾಲಿಯಿದ್ದ ಆಸ್ಪತ್ರೆಯಿಂದ ಶ್ರವಣ ಪ್ರಮಾಣಪತ್ರಗಳು ಹೊರಬಿದ್ದಿದ್ದರೆ ತನಿಖೆ ಶುರುವಾಗಬೇಕಾದದ್ದು ಅಲ್ಲಿಂದಲೇ.

ಇನ್ನು ಕಣ್ಣಳತೆಯ ತೀರ್ಪುಗಳು. ‘ಅಂಧರ ಕೋಟಾದವರು ಮೊಬೈಲ್ ನೋಡುತ್ತಿದ್ದಾರೆ’, ‘ಗಾಲಿಕುರ್ಚಿಯಿಂದ ಎದ್ದು ನಿಂತರು’, ‘ಸ್ಕೂಟರ್ ಓಡಿಸುತ್ತಾರೆ’ ಎಂಬ ವಿಡಿಯೊಗಳನ್ನು ಪುರಾವೆ ಎಂದು ವಾಹಿನಿಗಳು ತೋರಿಸುತ್ತವೆ. ಪೂರ್ತಿ ದೃಷ್ಟಿಯಿಲ್ಲದವರೂ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸಿ ಮೊಬೈಲ್ ಓದುತ್ತಾರೆ. ದೃಷ್ಟಿ ಕ್ಷೇತ್ರ 40 ಡಿಗ್ರಿಗಿಂತ ಕಿರಿದಾದವರು ಎದುರಿನ ಅಕ್ಷರ ಓದಬಲ್ಲರು, ಪಕ್ಕದ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾರೆ. ಗಾಲಿಕುರ್ಚಿ ಬಳಸುವವರಲ್ಲಿ ನಾಲ್ಕು ಹೆಜ್ಜೆ ಹಾಕಬಲ್ಲವರು, ಹತ್ತನೆಯ ಹೆಜ್ಜೆಗೆ ಬೀಳುವವರು ಇದ್ದಾರೆ. ಸ್ಕೂಟರ್ ವಿಷಯದಲ್ಲಂತೂ, ಹಿಂದೆ ಎರಡು ಹೆಚ್ಚುವರಿ ಚಕ್ರಗಳಿರುವ ವಾಹನವನ್ನು ದೈಹಿಕ ಅಂಗವಿಕಲರಿಗೆ ಕೊಡುವುದು ನಮ್ಮ ರಾಜ್ಯ ಸರ್ಕಾರದ್ದೇ ಯೋಜನೆ. ಮಾನಸಿಕ ಅಸ್ವಸ್ಥತೆಯನ್ನು ಅಳೆಯುವ ‘ಐಡಿಯಾಸ್’ ಮಾಪಕದಲ್ಲಿ ಸ್ವಂತ ಆರೈಕೆ, ಒಡನಾಟ, ಸಂವಹನ–ಗ್ರಹಿಕೆ, ಕೆಲಸ ಎಂಬ ನಾಲ್ಕು ಬಾಬುಗಳಿಗೆ ತಲಾ 0ಯಿಂದ 4 ಅಂಕ, ಜೊತೆಗೆ ಕಾಯಿಲೆಯ ಅವಧಿಗೆ ಅಂಕ. ಒಟ್ಟು 7 ಮುಟ್ಟಿದರೆ ಶೇ 40. ದೀರ್ಘ ಅವಧಿಯ ಬದುಕನ್ನು ತೂಗುವ ಅಳತೆ ಇದು. ಮದುವೆ ಮನೆಯಲ್ಲಿ ನಗುತ್ತಿರುವ ಒಂದು ಫೋಟೊ ಇದನ್ನು ಸುಳ್ಳು ಮಾಡುವುದಿಲ್ಲ. ಹಿಮೊಫಿಲಿಯಾ, ತಲಸ್ಸೇಮಿಯಾ, ಕುಡಗೋಲು ಕಣ ರೋಗದಂಥ ರಕ್ತದ ಕಾಯಿಲೆ ಇರುವವರಲ್ಲಿ ಹೊರಗೆ ಏನೂ ಕಾಣದೆ ಇರಬಹುದು.

‘ಕೆಲಸ ಮಾಡುತ್ತಿದ್ದಾರೆ, ಹಾಗಾದರೆ ಅಂಗವಿಕಲರು ಹೇಗೆ?’ ಎಂಬ ಪ್ರಶ್ನೆಯನ್ನು ಚರ್ಚಾ ಕಾರ್ಯಕ್ರಮಗಳಲ್ಲಿ ಗಂಭೀರವಾಗಿಯೇ ಕೇಳುತ್ತಾರೆ. ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಇರುವುದು ಕೆಲಸ ಮಾಡುವವರಿಗಾಗಿ, ಉನ್ನತ ಶಿಕ್ಷಣದಲ್ಲಿ ಶೇ 5 ಇರುವುದು ಓದುವವರಿಗಾಗಿ. ಅಂಗವೈಕಲ್ಯದ ಪ್ರಮಾಣಪತ್ರ ದುಡಿಯಲಾಗದವರೆಂಬ ಪ್ರಮಾಣಪತ್ರವಲ್ಲ.

2024ರಲ್ಲಿ ದೇಶವೆಲ್ಲ ನೋಡಿದ, ಮಹಾರಾಷ್ಟ್ರದ ಪ್ರೊಬೇಷನರಿ ಐಎಎಸ್ ಅಧಿಕಾರಿಯ ಪ್ರಕರಣವನ್ನೇ ತೆಗೆದುಕೊಳ್ಳಿ. ಅಂಗವೈಕಲ್ಯ ಪ್ರಮಾಣಪತ್ರಗಳ ಬಗ್ಗೆ ಗಂಭೀರ ಆರೋಪಗಳಿದ್ದವು, ತನಿಖೆಯೂ ನಡೆಯಿತು. ಆದರೆ ಜುಲೈ 31ರಂದು ಯುಪಿಎಸ್‌ಸಿ ಆಯ್ಕೆಯನ್ನು ರದ್ದು ಮಾಡಿದಾಗ ಕೊಟ್ಟ ಕಾರಣ ಬೇರೆ: ಗುರುತು ಬದಲಿಸಿ, ಅನುಮತಿಗಿಂತ ಹೆಚ್ಚು ಬಾರಿ ಪರೀಕ್ಷೆ ಬರೆದದ್ದು. ಹಿಂದಿನ 15 ವರ್ಷಗಳಲ್ಲಿ ಶಿಫಾರಸಾದ 15 ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ದಾಖಲೆ ಪರಿಶೀಲಿಸಿದ್ದಾಗಿಯೂ, ಹೀಗೆ ಮಿತಿ ಮೀರಿದವರು ಬೇರೊಬ್ಬರೂ ಸಿಗಲಿಲ್ಲವೆಂದೂ ಆಯೋಗ ಹೇಳಿತು. ಪ್ರಮಾಣಪತ್ರಗಳ ಸತ್ಯಾಸತ್ಯತೆ ನೋಡುವುದು ತನ್ನ ಕೆಲಸವಲ್ಲ, ಸಕ್ಷಮ ಪ್ರಾಧಿಕಾರ ಕೊಟ್ಟದ್ದೇ ಎಂದು ಮಾತ್ರ ಪ್ರಾಥಮಿಕವಾಗಿ ನೋಡುತ್ತೇನೆ ಎಂದೂ ಹೇಳಿತು. ಹಾಗಾದರೆ ಅದನ್ನು ನೋಡುವವರು ಯಾರು? ದೊಡ್ಡ ಸುದ್ದಿ ಅದಾಗಬೇಕಿತ್ತು. ಅದನ್ನು ಬಿಟ್ಟು, ಅಂಗವೈಕಲ್ಯ ಕೋಟಾದಲ್ಲಿ ಆಯ್ಕೆಯಾದ ಇತರ ಅಧಿಕಾರಿಗಳ ಹಳೆಯ ಫೋಟೊಗಳನ್ನು ಹೆಕ್ಕಿ ‘ಇವರೂ ನಕಲಿಯೇ?’ ಎಂದು ಕೇಳುವ ಬೇಟೆ ಜಾಲತಾಣಗಳಲ್ಲಿ ಶುರುವಾಯಿತು. ಅದೇ ತಿಂಗಳು ತೆಲಂಗಾಣದ ಹಿರಿಯ ಅಧಿಕಾರಿಯೊಬ್ಬರು ಅಖಿಲ ಭಾರತ ಸೇವೆಗಳಿಗೆ ಈ ಕೋಟಾ ಏಕೆ ಬೇಕು ಎಂದು ಬಹಿರಂಗವಾಗಿ ಕೇಳಿದರು. ಒಂದು ಪ್ರಕರಣ ಇಡೀ ಹಕ್ಕನ್ನೇ ಪ್ರಶ್ನಿಸುವ ಮಟ್ಟಕ್ಕೆ ಬೆಳೆದದ್ದು ಹೀಗೆ.

ಹಣದ ಮಾತಿಗೆ ಬರೋಣ. ನಮ್ಮ ರಾಜ್ಯದಲ್ಲಿ ಶೇ 40ರಿಂದ 74ರವರೆಗಿನವರಿಗೆ ತಿಂಗಳಿಗೆ 800 ರೂಪಾಯಿ, 75 ಮತ್ತು ಮೇಲಿನವರಿಗೆ 1,400 ರೂಪಾಯಿ ಮಾಸಾಶನವೆಂದು ನಿಗದಿಯಾಗಿದೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಯ ಪಾಲು 300 ರೂಪಾಯಿ, ಅದೂ ಬಡತನ ರೇಖೆಗಿಂತ ಕೆಳಗಿದ್ದು ಶೇ 80 ಇದ್ದರೆ ಮಾತ್ರ. 800ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 9,600 ರೂಪಾಯಿ. ‘ಕೋಟಿ ಲೂಟಿ’ ಎಂದು ಬರೆಯಬೇಕಾದರೆ ಸಾವಿರಕ್ಕೂ ಹೆಚ್ಚು ಜನ ವರ್ಷವಿಡೀ ಅಕ್ರಮವಾಗಿ ಪಡೆದಿರಬೇಕು. ಅಷ್ಟು ಜನರನ್ನು ಪತ್ತೆ ಮಾಡಲಾಗಿದೆಯೇ ಎಂದು ಪ್ರಕಟಣೆಗೆ ಮುನ್ನ ಒಮ್ಮೆ ಗುಣಿಸಿ ನೋಡಿ. ಹೆಚ್ಚು ಲಾಭವಿರುವುದು ಬೇರೆ ಕಡೆ: ವೃತ್ತಿಪರ ಕೋರ್ಸಿನ ಸೀಟು, ಸರ್ಕಾರಿ ನೌಕರಿ, ಶಿಕ್ಷಕರ ವರ್ಗಾವಣೆಯ ವಿನಾಯಿತಿ, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಅಂಗವಿಕಲರಿಗೆ ಸಿಗುವ 75,000 ಅಥವಾ 1,25,000 ರೂಪಾಯಿಯ ಕಡಿತ. ಮೋಸಕ್ಕೆ ಆಸೆ ಹುಟ್ಟುವುದು ಅಲ್ಲಿ. ಹಾಗಿದ್ದೂ ಸುದ್ದಿಯ ಜೊತೆ ಅಚ್ಚಾಗುವುದು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಹಳ್ಳಿಯವರ ಚಿತ್ರ.

ಸಂಖ್ಯೆ ಕೊಡುವಾಗ ಛೇದವನ್ನೂ ಕೊಡಿ. ‘ಜಿಲ್ಲೆಯಲ್ಲಿ 200 ನಕಲಿ’ ಎಂದರೆ ಪರಿಶೀಲಿಸಿದ್ದು ಎಷ್ಟು? ಅನುಮಾನ ಬಂದ 300 ಕಡತಗಳಲ್ಲಿ 200ರೋ, ಜಿಲ್ಲೆಯ ಎಲ್ಲ 20 ಸಾವಿರದಲ್ಲಿ 200ರೋ? ಮೊದಲನೆಯದನ್ನು ‘ಮೂವರಲ್ಲಿ ಇಬ್ಬರು ನಕಲಿ’ ಎಂದು ಬರೆದರೆ ಓದುಗರು ಇಡೀ ಜಿಲ್ಲೆಗೆ ಅನ್ವಯಿಸಿಕೊಳ್ಳುತ್ತಾರೆ. ಆ 200ರಲ್ಲಿ ಮರುತಪಾಸಣೆಗೆ ಬಾರದವರು ಎಷ್ಟು ಎಂದೂ ಕೇಳಿ. ನೋಟಿಸ್ ತಲುಪದವರು, ಹಾಸಿಗೆ ಹಿಡಿದವರು, ಕರೆದೊಯ್ಯಲು ಯಾರೂ ಇಲ್ಲದವರು ಗೈರಾಗಿರುತ್ತಾರೆ. ಗೈರಾದದ್ದೇ ಮೋಸಕ್ಕೆ ಸಾಕ್ಷಿಯಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ, ಅದೂ ಹಳೆಯ, ಕಿರಿದಾದ ವ್ಯಾಖ್ಯೆಯ ಲೆಕ್ಕದಲ್ಲಿ. ಇವರಲ್ಲಿ ಅರ್ಹರಾಗಿದ್ದೂ ಏನೂ ಸಿಗದವರು ಎಷ್ಟು ಎಂಬುದು ಕೂಡ ಅಕ್ರಮದಷ್ಟೇ ದೊಡ್ಡ ಸುದ್ದಿ.

ಅಜಾಗರೂಕ ವರದಿಯ ಬೆಲೆ ತೆರುವವರು ಯಾರು ಎಂದು ನೋಡಿ. ಸುದ್ದಿಯ ಒತ್ತಡಕ್ಕೆ ‘ಎಲ್ಲರ ಮರುಪರಿಶೀಲನೆ’ ಎಂಬ ಆದೇಶ ಹೊರಟರೆ ಮಾಸಾಶನ ಮೊದಲು ನಿಲ್ಲುತ್ತದೆ, ಪರಿಶೀಲನೆ ಆಮೇಲೆ ನಡೆಯುತ್ತದೆ. ನಿಲ್ಲಿಸಿದ್ದಕ್ಕೆ ಲಿಖಿತ ಕಾರಣ ಸಿಗುವುದಿಲ್ಲ. ಕುಷ್ಠದಿಂದ ಬೆರಳು ಕಳೆದುಕೊಂಡವರ ಬೆರಳಚ್ಚು ಹೊಂದುವುದಿಲ್ಲ, ಕಣ್ಣಿಲ್ಲದವರ ಕಣ್ಪಾಪೆ ಯಂತ್ರಕ್ಕೆ ಸಿಗುವುದಿಲ್ಲ. ಆಧಾರ್‌ನಲ್ಲಿ ಇಂಥವರಿಗೆ ವಿನಾಯಿತಿ ಇದ್ದರೂ ಕೌಂಟರಿನಲ್ಲಿ ಕುಳಿತವರಿಗೆ ಅದು ಗೊತ್ತಿರುವುದಿಲ್ಲ. ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದವರು ಪಟ್ಟಿಯಿಂದ ಸದ್ದಿಲ್ಲದೆ ಬಿದ್ದುಹೋಗುತ್ತಾರೆ. ಇಷ್ಟೆಲ್ಲ ಆದಮೇಲೂ ಸುಳ್ಳು ಅಂಕಿ ಬರೆದ ವೈದ್ಯರು ಅದೇ ಕುರ್ಚಿಯಲ್ಲಿದ್ದರೆ ಬದಲಾದದ್ದೇನು? ಈ ಕೊನೆಯ ಪ್ರಶ್ನೆಯನ್ನು ಆರು ತಿಂಗಳ ನಂತರ ಮತ್ತೆ ಹೋಗಿ ಕೇಳುವ ವರದಿಗಾರರು ನಮಗೆ ಬೇಕು.

ಕಾನೂನಿನ ಮಿತಿಗಳೂ ಇವೆ. ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ವಂಚನೆಯಿಂದ ಪಡೆದರೆ 2016ರ ಕಾಯ್ದೆಯ 91ನೇ ಕಲಂನಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಎಫ್‌ಐಆರ್‌ನಲ್ಲಿ ಈ ಕಲಂ ಇದೆಯೇ, ಖೋಟಾ ದಾಖಲೆ ಮತ್ತು ವಂಚನೆಯ ಕಲಂಗಳಿವೆಯೇ, ಅಧಿಕಾರಿಗಳ ಹೆಸರಿದೆಯೇ ಎಂದು ಬರೆಯಿರಿ. ಅದರ ಪಕ್ಕದ 92ನೇ ಕಲಂ, ಸಾರ್ವಜನಿಕರ ಕಣ್ಣೆದುರು ಅಂಗವಿಕಲರನ್ನು ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಂ ಪ್ರಕಾರ, ಚಿಕಿತ್ಸಾ ಕೇಂದ್ರದಲ್ಲಿರುವ ವ್ಯಕ್ತಿಯ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ದೃಶ್ಯ ಮಾಧ್ಯಮಗಳಲ್ಲಿ ಅಂಗವಿಕಲರನ್ನು ಚಿತ್ರಿಸುವ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈ 8ರ ತೀರ್ಪಿನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದು ಸಿನಿಮಾ ಕುರಿತ ಪ್ರಕರಣವಾದರೂ, ಹೀಯಾಳಿಸುವ ಪದ ಬೇಡ, ಅಂಗವಿಕಲರನ್ನು ಕೇಳದೆ ಅವರ ಬಗ್ಗೆ ಚಿತ್ರಿಸಬೇಡಿ ಎಂಬ ಮಾತು ಸುದ್ದಿಮನೆಗೂ ಸಲ್ಲುತ್ತದೆ. 2021ರಲ್ಲಿ, ಪರೀಕ್ಷೆಯಲ್ಲಿ ಅಭ್ಯರ್ಥಿ ಹೇಳಿದ್ದನ್ನು ಬರೆಯುವ ಲಿಪಿಕಾರರನ್ನು ಕೊಡುವ ಪ್ರಕರಣದಲ್ಲಿ ‘ದುರ್ಬಳಕೆ ಆದೀತು’ ಎಂಬ ವಾದ ಬಂದಾಗ, ಆ ಭಯದಿಂದ ಅರ್ಹರ ಹಕ್ಕನ್ನು ಕಸಿಯಲು ಅದೇ ನ್ಯಾಯಾಲಯ ಒಪ್ಪಲಿಲ್ಲ.

ನಿಮ್ಮ ಪತ್ರಿಕೆಯಿಂದ ನಾವು ಕೇಳುವುದು ಕಷ್ಟದ್ದೇನಲ್ಲ. ಆರೋಪ ಬಂದ ದಿನವೇ ಹೆಸರು, ಫೋಟೊ ಹಾಕಬೇಡಿ. ಮರುತಪಾಸಣೆಯ ಫಲಿತಾಂಶ ಬರಲಿ. ವರದಿಗೆ ಮುನ್ನ ಮಂಡಳಿಯಲ್ಲಿ ಕೆಲಸ ಮಾಡಿದ ತಜ್ಞರೊಬ್ಬರನ್ನೂ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಮಾತಾಡಿಸಿ. ಊರಲ್ಲಿ ಯಾರಿಗೆ ಏನು ದೋಷವಿದೆ, ದಲ್ಲಾಳಿ ಯಾರು ಎಂಬುದು ಈ ಕಾರ್ಯಕರ್ತರಿಗೆ ಗೊತ್ತಿರುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ. ಆರೋಪಿತರು ಅರ್ಹರೆಂದು ಮಂಡಳಿ ಹೇಳಿದರೆ ಅದನ್ನು ಆರೋಪ ಬಂದ ಪುಟದಲ್ಲೇ ಅಷ್ಟೇ ದೊಡ್ಡದಾಗಿ ಹಾಕಿ. ಇಂಥ ಪ್ರತಿ ಸುದ್ದಿಯ ಕೊನೆಗೆ ಎರಡು ಸಾಲು ಮಾಹಿತಿಯೂ ಇರಲಿ: ಪ್ರಮಾಣಪತ್ರದ ನಿರ್ಧಾರ ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೇ ಕಲಂನಡಿ ಮೇಲ್ಮನವಿ ಇದೆ. ಮಾಸಾಶನ ಕಾರಣವಿಲ್ಲದೆ ನಿಂತರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು, ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ಅವರ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡಿರೆಂದು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು.

ಇಂತಿ,
ಅಂಗವಿಕಲರ ಸೌಲಭ್ಯಗಳ ಕೆಲಸ ಬಲ್ಲ ಓದುಗರು